ಹಗುರ ರೈಫಲ್‌ಗೆ ಸಣ್ಣ ತೋಟಾ: .223, .22-250, .243 ಮತ್ತು 6 ಎಂಎಂ ಎಆರ್‌ಸಿ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಸ್ಕೋಪ್ ಸೇರಿ ಮೂರು ಕಿಲೋದೊಳಗೆ ಇರಬೇಕು ಅಂತ ರೈಫಲ್ ಮಾಡಿಸುತ್ತಿದ್ದೀರಾ? ಜಿಂಕೆ ಜಾತಿಯ ಬೇಟೆಗೂ ಅದೇ ಕೋವಿ ಆಗಬೇಕಾ? ಹಾಗಾದರೆ 6 ಎಂಎಂ ಎಆರ್‌ಸಿ ಹಾಕಿಸಿ (ತೋಟಾದ ಹೆಸರಿನ ಅಂಕಿ ಹೆಚ್ಚುಕಡಿಮೆ ಗುಂಡಿನ ವ್ಯಾಸ, .223 ಅಂದರೆ ಇಂಚಿನಲ್ಲಿ). ನರಿ, ಮೊಲದಂಥ ಸಣ್ಣ ಪ್ರಾಣಿ ಮತ್ತು ಗುರಿ ಅಭ್ಯಾಸ ಇಷ್ಟೇ ಸಾಕು, ಅಪರೂಪಕ್ಕೊಮ್ಮೆ ಚಿಕ್ಕ ಜಾತಿಯ ಜಿಂಕೆ ಅಂದರೆ .223 ರೆಮಿಂಗ್ಟನ್ ಸಾಕು, ಆದರೆ ಟ್ವಿಸ್ಟ್ 1:8 ಇರಲೇಬೇಕು, ಅಂದರೆ ನಳಿಗೆಯೊಳಗಿನ ಸುರುಳಿ ಗೆರೆ ಎಂಟು ಇಂಚಿಗೆ ಒಂದು ಸುತ್ತು ಬರಬೇಕು. .243 ವಿಂಚೆಸ್ಟರ್ ಒಳ್ಳೆಯ ತೋಟಾ, ಆದರೆ ಹಗುರ ರೈಫಲ್‌ನಲ್ಲಿ ಅದರ ಒಳ್ಳೆಯತನ ಅರ್ಧ ಹೋಗುತ್ತದೆ. .22-250 ನನಗೆ ತುಂಬಾ ಇಷ್ಟ. ಆದರೂ ತೆಳ್ಳಗಿನ ನಳಿಗೆಗೆ ಅದನ್ನು ಯಾರಿಗೂ ಹೇಳಲಾರೆ. ಈ ನಾಲ್ಕನ್ನೂ ಹಗುರ ಕೋವಿಗಳಲ್ಲಿ ಹೊಡೆದು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಹೆಚ್ಚಿನವರು ಕೋವಿ ಮಾಡಿಸುವಾಗ ವೇಗದ ಪಟ್ಟಿ ನೋಡಿ ತೋಟಾ ಆರಿಸುತ್ತಾರೆ. ಆಮೇಲೆ ಅದರ ಸುತ್ತ ಹಗುರ ರೈಫಲ್ ಕಟ್ಟಲು ಹೊರಡುತ್ತಾರೆ. ಹಗುರ ರೈಫಲ್ ವಿಷಯದಲ್ಲಿ ಇದನ್ನು ತಿರುಗಿಸಬೇಕು. ಮೊದಲು ತೂಕ ಗಟ್ಟಿ ಮಾಡಿಕೊಳ್ಳಿ. ಆ ತೂಕ ಎಷ್ಟು ಒದೆತ ತಡೆಯುತ್ತದೆ ಅಂತ ನೋಡಿ. ಆಮೇಲೆ ತೋಟಾ ಆರಿಸಿ. ಯಾಕೆ ಅಂದರೆ ಒಂದೇ ತೋಟಾದ ಒದೆತದ ಶಕ್ತಿ ಕೋವಿಯ ತೂಕ ಕಡಿಮೆಯಾದಷ್ಟೂ ಅದೇ ಲೆಕ್ಕದಲ್ಲಿ ಏರುತ್ತದೆ. ಎಂಟು ಪೌಂಡಿನ ರೈಫಲನ್ನು ಆರು ಪೌಂಡಿಗೆ, ಅಂದರೆ 3.6 ಕಿಲೋದಿಂದ 2.7 ಕಿಲೋಗೆ ಇಳಿಸಿದರೆ ಒದೆತ ಮೂರನೇ ಒಂದು ಪಾಲು ಜಾಸ್ತಿ ಆಗುತ್ತದೆ. ಸುಮ್ನೆ ಲೆಕ್ಕ ಹಾಕಿ ನೋಡೋಣ. ಆರು ಪೌಂಡ್ ರೈಫಲ್‌ನಲ್ಲಿ .223 ಸುಮಾರು 5 ಅಡಿ-ಪೌಂಡ್ (ಶಕ್ತಿಯ ಅಳತೆ) ಒದೆಯುತ್ತದೆ. .22-250 ಎಂಟರ ಹತ್ತಿರ, 6 ಎಂಎಂ ಎಆರ್‌ಸಿ ಒಂಬತ್ತರ ಆಸುಪಾಸು, 100 ಗ್ರೇನ್ (ಒಂದು ಗ್ರೇನ್ ಸುಮಾರು 0.065 ಗ್ರಾಂ) ಗುಂಡಿನ .243 ಹದಿಮೂರು. ಅದೇ ತೂಕದಲ್ಲಿ .308 ಇಪ್ಪತ್ತು ದಾಟುತ್ತದೆ. ಮದ್ದಿನ ತೂಕ, ಗುಂಡಿನ ತೂಕ ಬದಲಾದ ಹಾಗೆ ಇವು ಅತ್ತಿತ್ತ ಆಗುತ್ತವೆ, ಆದರೆ ಅನುಪಾತ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಹದಿಮೂರು ಅಡಿ-ಪೌಂಡ್ ಭುಜಕ್ಕೆ ನೋವು ಮಾಡುವಷ್ಟೇನೂ ಅಲ್ಲ, ನಿಜ. ನಾನು ಹೇಳುತ್ತಿರುವುದು ನೋವಿನ ಮಾತಲ್ಲ. ಟ್ರಿಗರ್ ಒತ್ತಿದ ಮೇಲೆ ಸ್ಕೋಪ್‌ನೊಳಗೆ ನಿಮಗೆ ಏನು ಕಾಣುತ್ತದೆ ಅನ್ನುವ ಮಾತು. ಹಗುರ ಕೋವಿ ಒದ್ದಾಗ ನಳಿಗೆಯ ಬಾಯಿ ಮೇಲಕ್ಕೆ ಹಾರುತ್ತದೆ, ಸ್ಕೋಪ್‌ನಲ್ಲಿ ಆಕಾಶವೋ ಮರದ ತುದಿಯೋ ಕಾಣುತ್ತದೆ. ಮತ್ತೆ ಪ್ರಾಣಿಯನ್ನು ಹುಡುಕುವ ಹೊತ್ತಿಗೆ ಅದು ಪೊದೆಯೊಳಗೆ. ಗುಂಡು ಎಲ್ಲಿ ಬಿತ್ತು? ಭುಜದ ಹಿಂದೆಯೋ, ಹೊಟ್ಟೆಗೋ, ಪೂರ್ತಿ ತಪ್ಪಿತೋ? ಅದು ಗೊತ್ತಾಗದೆ ಮುಂದಿನ ಹೆಜ್ಜೆ ಇಡುವುದು ಹೇಗೆ? ತಕ್ಷಣ ಇನ್ನೊಂದು ಗುಂಡು ಹೊಡೆಯಬೇಕೋ, ಕಾಯಬೇಕೋ, ರಕ್ತದ ಜಾಡು ಎಲ್ಲಿಂದ ಶುರು ಮಾಡಬೇಕೋ, ಎಲ್ಲವೂ ಆ ಒಂದು ಕ್ಷಣದ ಮೇಲೆ ನಿಂತಿದೆ. ಗಾಯಗೊಂಡ ಪ್ರಾಣಿ ನರಳದ ಹಾಗೆ ನೋಡಿಕೊಳ್ಳುವುದು ಬೇಟೆಗಾರನ ಮೊದಲ ಹೊಣೆ ಅಂತ ನಾನು ನಂಬಿದ್ದೇನೆ. ಹಾಗಾಗಿ ಹಗುರ ರೈಫಲ್‌ಗೆ ತೋಟಾ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ಗುಂಡು ಬಿದ್ದದ್ದು ಹೊಡೆದವನ ಕಣ್ಣಿಗೇ ಕಾಣುತ್ತದಾ? .223 ಮತ್ತು .22-250ರಲ್ಲಿ ಕಾಣುತ್ತದೆ. ಎಆರ್‌ಸಿಯಲ್ಲಿ ಸರಿಯಾಗಿ ಕೂತು, ಕೋವಿಯ ಹಿಂದೆ ನೇರವಾಗಿ ಇದ್ದರೆ ಕಾಣುತ್ತದೆ. ಮೂರು ಕಿಲೋದೊಳಗಿನ .243ರಲ್ಲಿ ಬಹಳ ಸಲ ಕಾಣುವುದಿಲ್ಲ.

ಇನ್ನೊಂದು ವಿಷಯ. ಗುಂಡು ನಳಿಗೆಯೊಳಗೆ ಇರುವಾಗಲೇ ಕೋವಿ ಹಿಂದಕ್ಕೆ ಚಲಿಸಲು ಶುರು ಮಾಡಿರುತ್ತದೆ. ಭಾರದ ಕೋವಿಯಲ್ಲಿ ಈ ಚಲನೆ ಚಿಕ್ಕದು, ಹಗುರ ಕೋವಿಯಲ್ಲಿ ದೊಡ್ಡದು. ಅದಕ್ಕೇ ಹಗುರ ರೈಫಲ್ ಹಿಡಿದ ಬಗೆ ಸ್ವಲ್ಪ ಬದಲಾದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಜನ ಅದನ್ನು ಕೋವಿಯ ದೋಷ ಅಂತಾರೆ. ಒದೆತ ಕಡಿಮೆ ಇರುವ ತೋಟಾ ಹಾಕಿ ನೋಡಿ, ಅದೇ ಕೋವಿ ಎಷ್ಟೋ ಹದಕ್ಕೆ ಬರುತ್ತದೆ.

ನಳಿಗೆಯ ಮಾತಿಗೆ ಬಂದರೆ, ಸಣ್ಣ ಕ್ಯಾಲಿಬರ್‌ನಲ್ಲಿ ತುಂಬಾ ಜನ ಗಮನಿಸದ ಒಂದು ಸಂಗತಿ ಇದೆ. ಹೊರಗಿನ ಅಳತೆ ಒಂದೇ ಇಟ್ಟುಕೊಂಡು ಒಳಗಿನ ತೂತು ಸಣ್ಣದು ಮಾಡಿದರೆ ಉಳಿಯುವ ಉಕ್ಕು ಜಾಸ್ತಿ. ಅಂದರೆ ಅದೇ ಕಾಂಟೂರ್‌ನ (ಹೊರ ಆಕಾರದ) .22 ನಳಿಗೆ .30 ನಳಿಗೆಗಿಂತ ಸ್ವಲ್ಪ ಭಾರ, ಆದರೆ ಗಟ್ಟಿ. ಹಾಗಾಗಿ ಸಣ್ಣ ಕ್ಯಾಲಿಬರ್‌ಗೆ ಒಂದು ಹಂತ ತೆಳುವಾದ ಕಾಂಟೂರ್ ಹಾಕಿಸಿದರೂ ಗೋಡೆಯ ದಪ್ಪ ಉಳಿಯುತ್ತದೆ. ಆದರೆ ತೆಳು ನಳಿಗೆ ಬೇಗ ಬಿಸಿಯಾಗುತ್ತದೆ. ಬಿಸಿಯಾದರೆ ಗುಂಡುಗಳು ಒಂದು ಕಡೆಗೆ ಸರಿಯುತ್ತಾ ಹೋಗುತ್ತವೆ. ಎಷ್ಟು ಬೇಗ ಬಿಸಿಯಾಗುತ್ತದೆ ಅನ್ನುವುದು ಮದ್ದಿನ ಮೇಲೆ ನಿಂತಿದೆ. .223ರಲ್ಲಿ ಉರಿಯುವ ಮದ್ದು 25 ಗ್ರೇನ್ ಆಸುಪಾಸು, ಎಆರ್‌ಸಿಯಲ್ಲಿ 28-30, .22-250ರಲ್ಲಿ 35 ದಾಟುತ್ತದೆ, .243ರಲ್ಲಿ 40ರ ಮೇಲೆ. ಬೇಟೆಯಲ್ಲಿ ಮುಖ್ಯ ತಣ್ಣಗಿನ ನಳಿಗೆಯ ಮೊದಲ ಗುಂಡು, ಒಪ್ಪಿದೆ. ಆದರೆ ಅಭ್ಯಾಸ ಮಾಡದೆ ಆ ಮೊದಲ ಗುಂಡು ಸರಿಯಾಗಿ ಬೀಳುವುದಿಲ್ಲವಲ್ಲ. ಮೂರು ಗುಂಡು ಹೊಡೆದು ಹತ್ತು ನಿಮಿಷ ಕಾಯಬೇಕಾದ ಕೋವಿಯಲ್ಲಿ ಯಾರೂ ಹೆಚ್ಚು ಅಭ್ಯಾಸ ಮಾಡುವುದಿಲ್ಲ.

ಈಗ ಆ್ಯಕ್ಷನ್, ಅಂದರೆ ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟ್ ಮತ್ತು ಅದು ಕೂರುವ ಉಕ್ಕಿನ ಗೂಡು. ತೂಕ ನಿಜವಾಗಿ ಉಳಿಯುವುದು ಇಲ್ಲೇ. .308 ಕುಟುಂಬದ ಶಾರ್ಟ್ ಆ್ಯಕ್ಷನ್‌ಗೆ .223 ಹಾಕಿಸುವವರು ಇದ್ದಾರೆ. ಕೆಲಸ ಮಾಡುತ್ತದೆ, ಆದರೆ ಬೇಡದ ಉಕ್ಕನ್ನು ಹೊತ್ತು ತಿರುಗಿದ ಹಾಗಾಯಿತು. .223ರ ಪೂರ್ತಿ ಉದ್ದ ಹೆಚ್ಚೆಂದರೆ 2.260 ಇಂಚು. 6 ಎಂಎಂ ಎಆರ್‌ಸಿ ಕೂಡ ಅಷ್ಟೇ ಉದ್ದ, ಯಾಕೆ ಅಂದರೆ ಎರಡೂ ಎಆರ್-15 ಅನ್ನುವ ಸೆಮಿ-ಆಟೊ ರೈಫಲ್‌ನ ಮ್ಯಾಗಜಿನ್ ಒಳಗೆ ಕೂರಬೇಕು. .22-250 2.350 ಇಂಚು, .243 2.710. ಮೊದಲ ಎರಡು ಮಿನಿ ಆ್ಯಕ್ಷನ್‌ನಲ್ಲಿ ಕೂರುತ್ತವೆ, ಕೊನೆಯ ಎರಡಕ್ಕೆ ಶಾರ್ಟ್ ಆ್ಯಕ್ಷನ್ ಬೇಕೇ ಬೇಕು. ಹೋವಾ ಮಿನಿ ಈ ಅಳತೆಯದ್ದು. ಸಿಜೆಡ್ 527 ಕೂಡ ಹಾಗೇ ಇತ್ತು, ಈಗ ಅದನ್ನು ಮಾಡುವುದನ್ನು ನಿಲ್ಲಿಸಿದ್ದಾರೆ, ಹಳೆಯದು ಸಿಕ್ಕರೆ ಬಿಡಬೇಡಿ. ಮಿನಿ ಆ್ಯಕ್ಷನ್‌ನಲ್ಲಿ ಬೋಲ್ಟ್ ಎಳೆಯುವ ದೂರ ಕಡಿಮೆ, ಸ್ಟಾಕ್ ಸಪೂರ, ಕೈಯಲ್ಲಿ ಹಿಡಿದು ನಡೆಯುವಾಗ ಬೆರಳು ಕೋವಿಯ ಹೊಟ್ಟೆಯನ್ನು ಪೂರ್ತಿ ಸುತ್ತುತ್ತದೆ. ದಿನವಿಡೀ ಗುಡ್ಡ ಹತ್ತುವವರಿಗೆ ಇದರ ಬೆಲೆ ಗೊತ್ತು.

ಬೋಲ್ಟ್ ಮುಖದ ಅಳತೆಯನ್ನೂ ನೋಡಿಕೊಳ್ಳಿ. .223ಕ್ಕೆ 0.378 ಇಂಚಿನ ತಳ, .22-250 ಮತ್ತು .243ಕ್ಕೆ 0.473, ಎಆರ್‌ಸಿಗೆ ಇವೆರಡರ ನಡುವೆ 0.44 ಇಂಚು. .223 ಆ್ಯಕ್ಷನ್ ಕೈಯಲ್ಲಿದೆ, ಬೋಲ್ಟ್ ಮುಖ ಕೊರೆಸಿ ಎಆರ್‌ಸಿ ಮಾಡಿಬಿಡೋಣ ಅನ್ನುವವರು ಇದ್ದಾರೆ. ಖಾಲಿ ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಬದಲಾಗಬೇಕು, ಮ್ಯಾಗಜಿನ್ ಬದಲಾಗಬೇಕು, ಬೋಲ್ಟ್‌ನ ಅಂಚಿನಲ್ಲಿ ಉಳಿಯುವ ಉಕ್ಕು ಸಾಕೋ ಅಂತ ಬಲ್ಲವರು ನೋಡಿ ಹೇಳಬೇಕು. ನನ್ನ ಸಲಹೆ: ಆ ಅಳತೆಗೇ ತಯಾರಾದ ಆ್ಯಕ್ಷನ್ ತಗೊಳ್ಳಿ.

ಸರಿ, .223. ಇದು 1964ರಲ್ಲಿ ಮಾರುಕಟ್ಟೆಗೆ ಬಂತು, ಸೈನ್ಯದ 5.56ರ ಜೊತೆಗೇ ಬೆಳೆಯಿತು. 55 ಗ್ರೇನ್ ಗುಂಡು 24 ಇಂಚಿನ ನಳಿಗೆಯಲ್ಲಿ ಸೆಕೆಂಡಿಗೆ 3240 ಅಡಿ ವೇಗ. ಇದರ ದೊಡ್ಡ ಗುಣ ಅಂದರೆ ಎಲ್ಲೆಡೆ ಸಿಗುತ್ತದೆ, ಎಲ್ಲ ಬಗೆಯ ಗುಂಡಿನಲ್ಲೂ ಸಿಗುತ್ತದೆ. ನಳಿಗೆ ಬಹಳ ಕಾಲ ಬಾಳುತ್ತದೆ. ಒಂದು ತೋಟಾ ಸುಮಾರು 12 ಗ್ರಾಂ ತೂಕ, ಜೇಬಿನಲ್ಲಿ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಅಭ್ಯಾಸಕ್ಕೆ ಇದರಂಥದ್ದು ಇನ್ನೊಂದಿಲ್ಲ. ದಿನವಿಡೀ ಹೊಡೆದರೂ ಭುಜ ಹೆದರುವುದಿಲ್ಲ, ಹೊಸಬರಿಗೆ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುವ ಅಭ್ಯಾಸ ಹತ್ತುವುದಿಲ್ಲ.

ಆದರೆ ಜಿಂಕೆಗೆ .223 ಸಾಕಾ ಅನ್ನುವ ಜಗಳ ಮುಗಿಯುವಂಥದ್ದಲ್ಲ. ನನ್ನ ಉತ್ತರ ಗುಂಡಿನ ಮೇಲೆ ನಿಂತಿದೆ. ವಿ-ಮ್ಯಾಕ್ಸ್‌ನಂಥ ಗುಂಡು ನರಿಗೆ ಮಾಡಿದ್ದು, ತಾಗಿದ ಕೂಡಲೇ ಒಡೆದು ಚೂರಾಗುತ್ತದೆ. ಅದನ್ನು ಜಿಂಕೆಯ ಭುಜಕ್ಕೆ ಹೊಡೆದರೆ ಮೇಲೆ ದೊಡ್ಡ ಗಾಯ ಆಗುತ್ತದೆ, ಶ್ವಾಸಕೋಶ ತಲುಪುವುದಿಲ್ಲ. ಇದು ಪ್ರಾಣಿಗೆ ಮಾಡುವ ಅನ್ಯಾಯ, ಇದರಲ್ಲಿ ಎರಡು ಮಾತಿಲ್ಲ. ಅದೇ .223ರಲ್ಲಿ 60 ಗ್ರೇನ್ ನೋಸ್ಲರ್ ಪಾರ್ಟಿಷನ್ ಅಥವಾ ಪೂರ್ತಿ ತಾಮ್ರದ ಬಾರ್ನ್ಸ್ ಟಿಎಸ್‌ಎಕ್ಸ್ ಹಾಕಿ, ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಾಗ, ದೂರ 150 ಮೀಟರ್ ದಾಟದ ಹಾಗೆ, ಮುಂಗಾಲಿನ ಹಿಂದೆ ಹೊಡೆದರೆ ಚಿಕ್ಕ ಜಿಂಕೆ ಹೆಚ್ಚು ದೂರ ಓಡುವುದಿಲ್ಲ. ಎದುರಿಗೆ ನಿಂತಿದೆ, ಓರೆಯಾಗಿ ನಿಂತಿದೆ, ದೂರ ಇದೆ ಅಂದರೆ ಕೋವಿ ಇಳಿಸಬೇಕು. ಅಷ್ಟು ಸಂಯಮ ಇದ್ದರೆ ಮಾತ್ರ .223.

ಟ್ವಿಸ್ಟ್ 1:8 ಅಂದೆನಲ್ಲ, ಅದಕ್ಕೆ ಕಾರಣ ಇದೆ. ಗುಂಡು ಸ್ಥಿರವಾಗಿ ಹಾರಬೇಕಾದರೆ ಎಷ್ಟು ವೇಗವಾಗಿ ತಿರುಗಬೇಕು ಅನ್ನುವುದನ್ನು ಹೆಚ್ಚಾಗಿ ಅದರ ಉದ್ದ ಹೇಳುತ್ತದೆ, ತೂಕ ಅಲ್ಲ. ಬ್ರಿಟಿಷ್ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಅಂದಾಜಿಗೆ ಬರುತ್ತದೆ: 150ನ್ನು ಗುಂಡಿನ ವ್ಯಾಸದ ವರ್ಗದಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿದರೆ ಟ್ವಿಸ್ಟ್ ಇಂಚಿನಲ್ಲಿ ಸಿಗುತ್ತದೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕದ ತಾಮ್ರದ ಗುಂಡು ಉದ್ದ. ಉದ್ದ ಆದ ಕಾರಣ ಹೆಚ್ಚು ತಿರುಗಬೇಕು. ಹಳೆಯ .223ಗಳು 1:12, 1:14 ಇರುತ್ತಿದ್ದವು, ಅವುಗಳಲ್ಲಿ ಒಳ್ಳೆಯ ಬೇಟೆ ಗುಂಡುಗಳಲ್ಲಿ ಅರ್ಧದಷ್ಟು ಪಲ್ಟಿ ಹೊಡೆಯುತ್ತವೆ. ಕೋವಿಯನ್ನು ಹೇಳಿ ಮಾಡಿಸುವಾಗ ಟ್ವಿಸ್ಟ್ ನಿಮ್ಮ ಕೈಯಲ್ಲೇ ಇದೆ. ಅದನ್ನು ಬಾಯಿಬಿಟ್ಟು ಹೇಳಿ, ನಳಿಗೆ ಮಾಡುವವರ ಅಭ್ಯಾಸಕ್ಕೆ ಬಿಡಬೇಡಿ.

ಟ್ವಿಸ್ಟ್ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ 1955ರ ಕಥೆ ಇದೆ. ಆ ವರ್ಷ ವಿಂಚೆಸ್ಟರ್ .243 ತಂದಿತು, ರೆಮಿಂಗ್ಟನ್ .244 ತಂದಿತು. ಎರಡರ ಗುಂಡಿನ ವ್ಯಾಸವೂ ಒಂದೇ, 6 ಎಂಎಂ. ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆಯ) ಲೆಕ್ಕದಲ್ಲಿ ರೆಮಿಂಗ್ಟನ್‌ನದ್ದೇ ಸ್ವಲ್ಪ ದೊಡ್ಡದು. ಆದರೆ ವಿಂಚೆಸ್ಟರ್ 1:10 ಟ್ವಿಸ್ಟ್ ಕೊಟ್ಟು 100 ಗ್ರೇನ್ ಗುಂಡು ಮಾರಿತು. ರೆಮಿಂಗ್ಟನ್ 1:12 ಕೊಟ್ಟು 90 ಗ್ರೇನ್‌ಗೆ ನಿಂತಿತು. ಜನಕ್ಕೆ ನರಿಗೂ ಜಿಂಕೆಗೂ ಒಂದೇ ಕೋವಿ ಬೇಕಿತ್ತು, ಅವರು .243 ಕಡೆ ಹೋದರು. ರೆಮಿಂಗ್ಟನ್ 1963ರಲ್ಲಿ ಟ್ವಿಸ್ಟ್ 1:9 ಮಾಡಿ, 6 ಎಂಎಂ ರೆಮಿಂಗ್ಟನ್ ಅಂತ ಹೆಸರು ಬದಲಿಸಿ ಮತ್ತೆ ತಂದಿತು. ಅಷ್ಟು ಹೊತ್ತಿಗೆ ಗಾಡಿ ಹೊರಟುಹೋಗಿತ್ತು. ಒಳ್ಳೆಯ ತೋಟಾ, ನಳಿಗೆಯೊಳಗಿನ ಎರಡು ಇಂಚಿನ ವ್ಯತ್ಯಾಸಕ್ಕೆ ಸೋತಿತು.

.22-250 ಬಗ್ಗೆ ಬರೆಯಲು ನನಗೆ ಖುಷಿ. ಇದರ ತಾಯಿ .250-3000 ಸ್ಯಾವೇಜ್, ಚಾರ್ಲ್ಸ್ ನ್ಯೂಟನ್ ರೂಪಿಸಿದ್ದು, 1915ರಲ್ಲಿ ಬಂದದ್ದು. 87 ಗ್ರೇನ್ ಗುಂಡಿಗೆ ಸೆಕೆಂಡಿಗೆ 3000 ಅಡಿ ವೇಗ ಕೊಟ್ಟಿತು, ಆ ಕಾಲಕ್ಕೆ ದೊಡ್ಡ ಸುದ್ದಿ. ಅದರ ಕುತ್ತಿಗೆಯನ್ನು .22ಕ್ಕೆ ಇಳಿಸಿ ಹವ್ಯಾಸಿಗಳು 1930ರ ದಶಕದಿಂದಲೇ ಮನೆಯಲ್ಲೇ ತೋಟಾ ಮಾಡಿಕೊಳ್ಳುತ್ತಿದ್ದರು. ರೆಮಿಂಗ್ಟನ್ 1965ರಲ್ಲಿ ಅದನ್ನು ತನ್ನದಾಗಿಸಿಕೊಂಡಿತು. 55 ಗ್ರೇನ್ ಗುಂಡು 3680 ಅಡಿ ವೇಗ. 250 ಮೀಟರ್‌ವರೆಗೆ ಮೇಲೆ ಹಿಡಿಯುವ ಲೆಕ್ಕವೇ ಬೇಡ, ಗುರಿ ಇಟ್ಟಲ್ಲಿಗೆ ಹೋಗುತ್ತದೆ. ಆದರೆ ಇದಕ್ಕೆ ಉದ್ದ ನಳಿಗೆ ಬೇಕು. 24 ಇಂಚಿನಿಂದ 20ಕ್ಕೆ ಇಳಿಸಿದರೆ ವೇಗ ಚೆನ್ನಾಗಿ ಬೀಳುತ್ತದೆ, ಉರಿಯದೆ ಉಳಿದ ಮದ್ದು ಬಾಯಲ್ಲಿ ಬೆಂಕಿಯಾಗುತ್ತದೆ, ಸದ್ದು ಕಿವಿ ಕೊಯ್ಯುತ್ತದೆ. ತೋಟಾ ಕೂರುವ ಚೇಂಬರ್ ಮುಂದಿನ ಗಂಟಲು .223ಕ್ಕಿಂತ ಬಹಳ ಬೇಗ ಸವೆಯುತ್ತದೆ. ತೆಳ್ಳಗಿನ ನಳಿಗೆಯಲ್ಲಿ ನಾಲ್ಕನೇ ಗುಂಡಿನ ಹೊತ್ತಿಗೆ ಕೈ ಇಡಲಾಗದಷ್ಟು ಬಿಸಿ. ಹಳೆಯ ಕಾರ್ಖಾನೆ ಕೋವಿಗಳಲ್ಲಿ 1:14 ಟ್ವಿಸ್ಟ್, ಭಾರದ ಗುಂಡು ನಡೆಯುವುದಿಲ್ಲ. ಬಯಲಲ್ಲಿ ಒಂದು ಕಡೆ ಕೂತು, ಭಾರದ ನಳಿಗೆಯ ಕೋವಿಯಲ್ಲಿ ದೂರ ಹೊಡೆಯುವವರಿಗೆ ಇದು ಇವತ್ತಿಗೂ ರಾಜ. ಹೊತ್ತು ನಡೆಯುವ ಕೋವಿಗಲ್ಲ. 22 ಕ್ರೀಡ್‌ಮೂರ್ ಬಗ್ಗೆಯೂ ಇದೇ ಮಾತು. ವೇಗದ ಟ್ವಿಸ್ಟ್ ಇದೆ, ಭಾರದ ಗುಂಡು ಹಾರಿಸುತ್ತದೆ, ಆದರೆ ಮದ್ದು ಇನ್ನೂ ಜಾಸ್ತಿ, ಬಿಸಿ ಇನ್ನೂ ಜಾಸ್ತಿ.

.204 ರೂಗರ್ 32 ಗ್ರೇನ್ ಗುಂಡನ್ನು 4225 ಅಡಿ ವೇಗದಲ್ಲಿ ಬಿಡುತ್ತದೆ, ಒದೆತ ಇಲ್ಲವೇ ಇಲ್ಲ ಅನ್ನಬಹುದು. ನರಿಗೆ ಅದ್ಭುತ. ಜಿಂಕೆಗೆ ಬೇಡವೇ ಬೇಡ. .17 ರೆಮಿಂಗ್ಟನ್ ಅದಕ್ಕೂ ಸಣ್ಣದು, ನಳಿಗೆಯಲ್ಲಿ ಬೇಗ ತಾಮ್ರ ಹತ್ತುತ್ತದೆ, ಒರೆಸಲು ಬೇರೆ ಸಪೂರ ಕಡ್ಡಿ ಬೇಕು. 1930ರ .22 ಹಾರ್ನೆಟ್ ಮುದ್ದಾದ ತೋಟಾ, 150 ಮೀಟರ್ ಒಳಗಿನ ಸಣ್ಣ ಬೇಟೆಗೆ ಇಂದಿಗೂ ಸರಿ, ಆದರೆ ಕೇಸಿನ ಗೋಡೆ ತೆಳು, ಖಾಲಿ ಕೇಸಿಗೆ ಮತ್ತೆ ಮತ್ತೆ ಕೈಯಲ್ಲೇ ಮದ್ದು, ಗುಂಡು ತುಂಬುವವರಿಗೆ ಬೇಗ ಬಿರುಕು ಬಿಡುತ್ತದೆ. ಇವು ಮೂರೂ ಎರಡನೇ ಕೋವಿಗೆ ಸರಿ, ಇರುವ ಒಂದೇ ಕೋವಿಗೆ ಅಲ್ಲ.

.243 ಬಗ್ಗೆ ನಾನು ಕಟುವಾಗಿ ಮಾತಾಡಲಾರೆ, ಆ ತೋಟಾ ಎಷ್ಟೋ ಜನರನ್ನು ಬೇಟೆಗಾರರನ್ನಾಗಿ ಮಾಡಿದೆ. 100 ಗ್ರೇನ್, 2960 ಅಡಿ ವೇಗ, ಬಾಯಲ್ಲಿ 1945 ಅಡಿ-ಪೌಂಡ್ ಶಕ್ತಿ. ಮೂರೂವರೆ ಕಿಲೋ ಮೇಲಿನ, 22 ಅಥವಾ 24 ಇಂಚಿನ ನಳಿಗೆಯ ಕೋವಿಯಲ್ಲಿ ಬೇರೆ ಏನೂ ಬೇಡ. ಅಂಗಡಿಯಲ್ಲಿ ತೋಟಾ ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆಯೂ ಇಲ್ಲ. ಸಮಸ್ಯೆ ಶುರುವಾಗುವುದು ತೂಕ ಇಳಿಸಿದಾಗ. ಶಾರ್ಟ್ ಆ್ಯಕ್ಷನ್ ಬೇಕು, ಅಲ್ಲೇ ತೂಕ ಏರಿತು. ಅದನ್ನು ಸರಿದೂಗಿಸಲು ನಳಿಗೆ ತೆಳು ಮಾಡಿ, ಗಿಡ್ಡ ಮಾಡಿ ಅಂದರೆ 40 ಗ್ರೇನ್ ಮದ್ದು ಆ ಗಿಡ್ಡ ನಳಿಗೆಯಲ್ಲಿ ಪೂರ್ತಿ ಕೆಲಸ ಮಾಡುವುದಿಲ್ಲ. ಒದೆತ, ಬಿಸಿ, ಸದ್ದು ಎಲ್ಲ ಉಳಿಯುತ್ತವೆ, ವೇಗ ಮಾತ್ರ ಹೋಗುತ್ತದೆ. ಸಾಮಾನ್ಯ 1:10 ಟ್ವಿಸ್ಟ್ ಉದ್ದದ ಹೊಸ ಗುಂಡುಗಳಿಗೆ ಸಾಲದು ಅನ್ನುವುದು ಬೇರೆ ಮಾತು, ಅದನ್ನು ಮಾಡಿಸುವಾಗ 1:8 ಅಂತ ಹೇಳಿ ಸರಿಪಡಿಸಬಹುದು.

ಈಗ 6 ಎಂಎಂ ಎಆರ್‌ಸಿ. ಹಾರ್ನಡಿ ಇದನ್ನು 2020ರಲ್ಲಿ ತಂದಿತು. 6.5 ಗ್ರೆಂಡೆಲ್‌ನ ಕೇಸನ್ನು ತಗೊಂಡು, ಭುಜ ಹಿಂದಕ್ಕೆ ಸರಿಸಿ, ಕುತ್ತಿಗೆ 6 ಎಂಎಂಗೆ ಇಳಿಸಿದ್ದು. ಗಿಡ್ಡ, ದಪ್ಪ ಕೇಸು, ಅದರ ಮುಂದೆ ಉದ್ದ ಸಪೂರ ಗುಂಡು. ಮೂಲ ಉದ್ದೇಶ ಎಆರ್-15ರಲ್ಲಿ ದೂರ ಹೊಡೆಯುವುದು. ಆದರೆ ನನ್ನ ಲೆಕ್ಕದಲ್ಲಿ ಇದರ ನಿಜವಾದ ಮನೆ ಸಣ್ಣ ಬೋಲ್ಟ್ ರೈಫಲ್. 103 ಗ್ರೇನ್ ಇಎಲ್‌ಡಿ-ಎಕ್ಸ್ ಅನ್ನುವ ಬೇಟೆ ಗುಂಡು 24 ಇಂಚಿನ ನಳಿಗೆಯಲ್ಲಿ 2800 ಅಡಿ ವೇಗ. ಕಾಗದದ ಮೇಲೆ .243ಕ್ಕಿಂತ 160 ಅಡಿ ಕಡಿಮೆ. ಆದರೆ ಆ ಗುಂಡಿನ ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್ 0.512, .243ರಲ್ಲಿ ಸಾಮಾನ್ಯವಾಗಿ ಬರುವ 100 ಗ್ರೇನ್ ಇಂಟರ್‌ಲಾಕ್‌ನದ್ದು 0.405. ಗಾಳಿಯನ್ನು ಸೀಳುವ ಗುಣ ಜಾಸ್ತಿ ಇರುವ ಕಾರಣ ವೇಗ ನಿಧಾನವಾಗಿ ಇಳಿಯುತ್ತದೆ. 300 ಗಜ ತಲುಪುವ ಹೊತ್ತಿಗೆ ಎರಡೂ 2300ರ ಆಸುಪಾಸಿನಲ್ಲಿ ಜೊತೆಯಾಗುತ್ತವೆ. ಅಲ್ಲಿಂದ ಮುಂದೆ ಎಆರ್‌ಸಿಯೇ ಮುಂದು. ಇಷ್ಟನ್ನು ಮೂರನೇ ಎರಡು ಪಾಲು ಮದ್ದಿನಲ್ಲಿ ಮಾಡುತ್ತದೆ! ಒದೆತ ಕಡಿಮೆ, ಬಿಸಿ ಕಡಿಮೆ, ಗಂಟಲಿನ ಸವೆತ ಕಡಿಮೆ, ಗಿಡ್ಡ ನಳಿಗೆಯಲ್ಲಿ ಕಳೆದುಕೊಳ್ಳುವುದೂ ಕಡಿಮೆ. ಗಾಳಿಯ ದಿನ ಗುಡ್ಡದಿಂದ ಗುಡ್ಡಕ್ಕೆ ಹೊಡೆಯಬೇಕಾಗಿ ಬಂದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಬೋಲ್ಟ್ ರೈಫಲ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಕಾರ್ಖಾನೆ ತೋಟಾದ ಒತ್ತಡವನ್ನು ಎಆರ್-15ರ ಬೋಲ್ಟ್ ತಡೆಯುವಷ್ಟಕ್ಕೆ, ಅಂದರೆ 52,000 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಕಟ್ಟಿಹಾಕಿದ್ದಾರೆ. ಕೈಯಲ್ಲಿ ತುಂಬುವವರಿಗೆ ಬೋಲ್ಟ್ ರೈಫಲ್‌ಗೆಂದೇ ಬೇರೆ ಲೆಕ್ಕ ಪ್ರಕಟವಾಗಿದೆ, ಅದರಲ್ಲಿ ವೇಗ ಇನ್ನಷ್ಟು ಸಿಗುತ್ತದೆ. ಆ ಪ್ರಕಟಿತ ಲೆಕ್ಕವನ್ನೇ ಬಳಸಿ, ಕೆಳಗಿನ ಅಳತೆಯಿಂದ ಶುರು ಮಾಡಿ, ಮೇಲಿನ ಮಿತಿ ದಾಟಬೇಡಿ. ಹಾಗೆ ತುಂಬಿದ ತೋಟಾ ಯಾವ ಕಾರಣಕ್ಕೂ ಎಆರ್-15 ಹತ್ತಿರ ಹೋಗಬಾರದು, ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ದೂರುಗಳೂ ಇವೆ. ಗಿಡ್ಡ ದಪ್ಪ ಕೇಸು ಮ್ಯಾಗಜಿನ್‌ನಿಂದ ಚೇಂಬರ್‌ಗೆ ಜಾರುವುದು .223ರಷ್ಟು ಸಲೀಸಲ್ಲ. ಮ್ಯಾಗಜಿನ್‌ನ ತುಟಿ ಸರಿಯಿಲ್ಲದಿದ್ದರೆ ಗುಂಡಿನ ಮೂತಿ ಎಲ್ಲೋ ತಾಗಿ ನಿಲ್ಲುತ್ತದೆ. ಕೋವಿ ಕೈಗೆ ಬಂದ ಮೇಲೆ ಸುರಕ್ಷಿತ ಜಾಗದಲ್ಲಿ, ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ನಿಧಾನಕ್ಕೂ ವೇಗಕ್ಕೂ ಬೋಲ್ಟ್ ಎಳೆದು ನೋಡಿ. ಮ್ಯಾಗಜಿನ್‌ನ ಕೊನೆಯ ತೋಟಾವರೆಗೆ ನೋಡಿ, ತೊಂದರೆ ಕೊಡುವುದು ಸಾಮಾನ್ಯವಾಗಿ ಮೊದಲನೆಯದು ಇಲ್ಲ ಕೊನೆಯದು. ಎರಡನೇ ದೂರು ತೋಟಾ ಸಿಗುವುದರ ಬಗ್ಗೆ. .223, .243 ಸಿಗುವಷ್ಟು ಕಡೆ ಇದು ಸಿಗುವುದಿಲ್ಲ, ಬಗೆಗಳೂ ಕಡಿಮೆ. ಕೈಯಲ್ಲಿ ತುಂಬುವವರಿಗೆ ಚಿಂತೆ ಇಲ್ಲ, ಅಂಗಡಿಯನ್ನೇ ನಂಬಿದವರು ಕೋವಿಗೆ ಹೇಳುವ ಮೊದಲೇ ವಿಚಾರಿಸಿಕೊಳ್ಳಲಿ.

ಮೂರನೆಯದು ಕಾನೂನು, ಇದನ್ನು ಹಗುರವಾಗಿ ತಗೊಳ್ಳಬೇಡಿ. ಎಷ್ಟೋ ಕಡೆ ಜಿಂಕೆಗೆ ಕನಿಷ್ಠ ಕ್ಯಾಲಿಬರ್, ಕನಿಷ್ಠ ಶಕ್ತಿ ಅಂತ ನಿಯಮ ಇದೆ. ಉದಾಹರಣೆಗೆ ಇಂಗ್ಲೆಂಡ್‌ನಲ್ಲಿ ದೊಡ್ಡ ಜಾತಿಯ ಜಿಂಕೆಗಳಿಗೆ ಕ್ಯಾಲಿಬರ್ 0.240 ಇಂಚಿಗಿಂತ ಕಡಿಮೆ ಇರುವಂತಿಲ್ಲ, ಬಾಯಿ ಶಕ್ತಿ 1700 ಅಡಿ-ಪೌಂಡ್‌ಗೆ ಕಡಿಮೆ ಇರುವಂತಿಲ್ಲ. ಅಲ್ಲಿ .22ರ ಯಾವ ತೋಟಾವೂ, .22-250 ಎಷ್ಟೇ ವೇಗವಾಗಿದ್ದರೂ, ಲೆಕ್ಕಕ್ಕಿಲ್ಲ. ಎಆರ್‌ಸಿ ಕ್ಯಾಲಿಬರ್‌ನಲ್ಲಿ ಪಾಸು. ಆದರೆ ಶಕ್ತಿ ನೋಡಿ: 103 ಗ್ರೇನ್ 2800 ಅಡಿಯಲ್ಲಿ 1793 ಅಡಿ-ಪೌಂಡ್. ಗಿಡ್ಡ ನಳಿಗೆಯಲ್ಲಿ ವೇಗ 2700ಕ್ಕೆ ಇಳಿದರೆ ಅದು 1670ರ ಹತ್ತಿರ ಬಂದು ನಿಲ್ಲುತ್ತದೆ, ಗೆರೆಯ ಕೆಳಗೆ. ಅಂಥ ನಿಯಮ ಇರುವ ಕಡೆ 20 ಇಂಚಿನ ಎಆರ್‌ಸಿ ಮಾಡಿಸುವ ಮೊದಲು ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಟ್ಟು ಅಳೆದ ವೇಗ ಕೇಳಿ, ಡಬ್ಬದ ಮೇಲೆ ಅಚ್ಚಾದದ್ದನ್ನು ನಂಬಬೇಡಿ. ಅಲ್ಲಿ ಬೇಕಿದ್ದರೆ 22 ಇಂಚು, ಇಲ್ಲವೇ .243 ಜಾಣತನ.

ಗುಂಡಿನ ಬಗ್ಗೆ ಇನ್ನೊಂದೆರಡು ಮಾತು. ಎಆರ್‌ಸಿ ವೇಗದ ತೋಟಾ ಅಲ್ಲ, ಅದಕ್ಕೆ ತಕ್ಕ ಹಾಗೆ ಗುಂಡು ಆರಿಸಬೇಕು. ಇಎಲ್‌ಡಿ-ಎಕ್ಸ್ 1600 ಅಡಿ ವೇಗದವರೆಗೂ ಅರಳುತ್ತದೆ ಅಂತ ಮಾಡುವವರೇ ಹೇಳುತ್ತಾರೆ. ತಾಮ್ರದ ಗುಂಡುಗಳು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ವೇಗ ಕೇಳುತ್ತವೆ. ಸೀಸ ನಿಷೇಧ ಇರುವ ಕಡೆ ತಾಮ್ರವೇ ಗತಿ ಅಂದರೆ 80-90 ಗ್ರೇನ್‌ನ ಹಗುರ ತಾಮ್ರದ ಗುಂಡು ತಗೊಳ್ಳಿ, ಶುರುವಿನ ವೇಗ ಜಾಸ್ತಿ ಸಿಗುತ್ತದೆ, ದೂರವನ್ನು 250 ಮೀಟರ್ ಒಳಗೆ ಇಟ್ಟುಕೊಳ್ಳಿ. 108 ಗ್ರೇನ್ ಇಎಲ್‌ಡಿ ಮ್ಯಾಚ್ ಕಾಗದದ ಗುರಿಗೆ ಸೊಗಸಾಗಿ ಹೊಡೆಯುತ್ತದೆ. ಗುಂಡುಗಳು ಒಂದರ ಪಕ್ಕ ಒಂದು ಬಿದ್ದ ಬಿಗಿಯಾದ ಗ್ರೂಪ್ ನೋಡಿ ಅದನ್ನೇ ಬೇಟೆಗೂ ಒಯ್ಯುವ ಆಸೆ ಬರುತ್ತದೆ. ಬೇಡ. ಮ್ಯಾಚ್ ಗುಂಡು ಪ್ರಾಣಿಯೊಳಗೆ ಹೇಗೆ ನಡೆದುಕೊಳ್ಳಬೇಕು ಅಂತ ಯೋಚಿಸಿ ಮಾಡಿದ್ದಲ್ಲ.

ನಳಿಗೆಯ ಉದ್ದಕ್ಕೆ ನನ್ನ ಆಯ್ಕೆ 20 ಇಂಚು. ಸೈಲೆನ್ಸರ್ ಬಳಸಲು ಅವಕಾಶ ಇರುವವರು 18ಕ್ಕೆ ಇಳಿಸಬಹುದು, ಎಆರ್‌ಸಿ ಅದನ್ನು ತಡೆದುಕೊಳ್ಳುತ್ತದೆ. ಆದರೆ ಒಂದು ಎಚ್ಚರ. ಸೈಲೆನ್ಸರ್ ತಿರುಗಿಸಿ ಕೂರಿಸಲು ಅರ್ಧ ಇಂಚಿನ ಮರೆ (ತಿರುಪಿನ ಗೆರೆ) ಹಾಕಿಸಬೇಕಾದರೆ ಬಾಯಿಯ ಹತ್ತಿರ ನಳಿಗೆ ಅದಕ್ಕಿಂತ ಸಾಕಷ್ಟು ದಪ್ಪ ಇರಬೇಕು, ಸೈಲೆನ್ಸರ್ ಒರಗಲು ಭುಜ ಉಳಿಯಬೇಕು. ತೀರಾ ಸಪೂರ ಕಾಂಟೂರ್‌ನಲ್ಲಿ ಅದು ಉಳಿಯುವುದಿಲ್ಲ. ತೆಳು ನಳಿಗೆಯ ತುದಿಗೆ ಸೈಲೆನ್ಸರ್ ನೇತುಹಾಕಿದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಹಾಕಿಯೇ ಹೊಡೆಯುವುದಾದರೆ ಹಾಕಿಯೇ ಗುರಿ ಹೊಂದಿಸಿಕೊಳ್ಳಿ.

ಮತ್ತೆ ಸ್ಕೋಪ್. ಆ್ಯಕ್ಷನ್, ಸ್ಟಾಕ್, ನಳಿಗೆಯಲ್ಲಿ ಗ್ರಾಂ ಗ್ರಾಂ ಲೆಕ್ಕ ಹಾಕಿ ಉಳಿಸಿ, ಮೇಲೆ ಮುಕ್ಕಾಲು ಕಿಲೋದ ಸ್ಕೋಪ್ ಕೂರಿಸಿದ ಕೋವಿಗಳನ್ನು ನೋಡಿದಾಗ ಬೇಜಾರಾಗುತ್ತದೆ. ಭಾರ ಮೇಲಕ್ಕೆ ಹೋಗಿ ಕೋವಿ ಕೈಯಲ್ಲಿ ಮಗುಚುತ್ತದೆ. 300 ಮೀಟರ್ ಒಳಗಿನ ಬೇಟೆಗೆ 2-10 ಅಥವಾ 3-9 ಪವರ್‌ನ ಹಗುರ ಸ್ಕೋಪ್ ಧಾರಾಳ. ಪವರ್ ಕಡಿಮೆ ಇದ್ದಷ್ಟೂ ನೋಟ ಅಗಲ, ಒದ್ದ ಮೇಲೂ ಪ್ರಾಣಿ ಸ್ಕೋಪ್‌ನೊಳಗೇ ಉಳಿಯುತ್ತದೆ. ಟ್ರಿಗರ್ ಹಗುರ ಮತ್ತು ಚೊಕ್ಕ ಇರಲಿ, ಕೋವಿ ಹಗುರವಾದಷ್ಟೂ ಒರಟು ಟ್ರಿಗರ್ ಅದನ್ನು ಗುರಿಯಿಂದ ಎಳೆಯುತ್ತದೆ.

ಕೋವಿಗೆ ಆರ್ಡರ್ ಕೊಡುವಾಗ ಗನ್‌ಸ್ಮಿತ್‌ಗೆ ಮಾತಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ. ತೋಟಾ ಯಾವುದು, ಟ್ವಿಸ್ಟ್ ಎಷ್ಟು (ಎಆರ್‌ಸಿಗೆ 1:7.5), ನಳಿಗೆಯ ಉದ್ದ, ಕಾಂಟೂರ್, ಮರೆ ಬೇಕೋ ಬೇಡವೋ, ನೀವು ಹೆಚ್ಚಾಗಿ ಹೊಡೆಯಲಿರುವ ಗುಂಡು ಯಾವುದು. ಸಾಧ್ಯವಾದರೆ ಆ ತೋಟಾದ ಎರಡು ಡಮ್ಮಿ ಜೊತೆಗೆ ಕೊಡಿ, ಗಂಟಲನ್ನು ಅದರ ಅಳತೆಗೆ ಕೊರೆಯುತ್ತಾರೆ, ಮ್ಯಾಗಜಿನ್ ಉದ್ದಕ್ಕೂ ಹೊಂದಿಸುತ್ತಾರೆ. ಚೇಂಬರ್ ಕೊರೆಯುವ ರೀಮರ್‌ನ ನಕ್ಷೆಯ ಪ್ರತಿ ಕೇಳಿ ಇಟ್ಟುಕೊಳ್ಳಿ. .223 ಮಾಡಿಸುವವರು ಚೇಂಬರ್ .223ದೋ, 5.56ದೋ, ಎರಡಕ್ಕೂ ಆಗುವ ವೈಲ್ಡ್ ಚೇಂಬರೋ ಅಂತ ನಳಿಗೆಯ ಮೇಲೆ ಕೆತ್ತಿಸಲೇಬೇಕು. .223 ಚೇಂಬರ್‌ನಲ್ಲಿ 5.56 ಸೈನ್ಯದ ತೋಟಾ ಹೊಡೆದರೆ ಒತ್ತಡ ಮಿತಿ ಮೀರಬಹುದು. ನಾಳೆ ಆ ಕೋವಿ ಬೇರೆಯವರ ಕೈಗೆ ಹೋದಾಗ ಅವರಿಗೆ ಹೇಳಲು ನೀವು ಪಕ್ಕದಲ್ಲಿ ಇರುವುದಿಲ್ಲ.